ಕುಡಿತ ಬಿಡಲು ಮುಯ್ಯಾಳಿನ ಬಳಗ

ನಾಟಿ, ಕಳೆ, ಕೊಯ್ಲು, ಒಕ್ಕಣೆ ಇವನ್ನು ಒಂಟಿಯಾಗಿ ಮಾಡಿ ಮುಗಿಸಲಾಗದು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಬೆಳೆದು ಬಂದಿತು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇದರಲ್ಲಿ ಕೂಲಿಯ ಮಾತಿಲ್ಲ, ಋಣದ ಭಾರವಿಲ್ಲ. ಇಬ್ಬರ ಕೆಲಸವೂ ಹದ ಮೀರುವ ಮೊದಲೇ ಮುಗಿಯುತ್ತದೆ. ಕುಡಿತ ಬಿಡುವುದೂ ಇಂಥದೇ ಒಂದು ಕೆಲಸ. ‘ನಾಳೆಯಿಂದ ಮುಟ್ಟುವುದಿಲ್ಲ’ ಎಂದು ದೇವರ ಮುಂದೆ ಆಣೆ ಮಾಡಿ, ವಾರ ಕಳೆಯುವುದರೊಳಗೆ ಮತ್ತೆ ಅಂಗಡಿಯ ಮುಂದೆ ನಿಂತವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರಿಗೆ ಮನಸ್ಸಿಲ್ಲವೆಂದಲ್ಲ, ಜೊತೆಗೆ ಆಳಿಲ್ಲ.

ಕುಡಿತ ಬಿಟ್ಟವರು ಮತ್ತು ಬಿಡಲು ಬಯಸುವವರು ವಾರಕ್ಕೊಮ್ಮೆಯಾದರೂ ಒಂದೆಡೆ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಬಳಗಗಳು ನಮ್ಮ ರಾಜ್ಯದಲ್ಲಿವೆ. ಅವು ಎಲ್ಲಿವೆ, ಅಲ್ಲಿ ಏನು ನಡೆಯುತ್ತದೆ, ಸೇರುವ ಮೊದಲು ಏನು ಮಾಡಬೇಕು ಎಂಬ ವಿವರಗಳನ್ನು ಈ ಲೇಖನದಲ್ಲಿ ಕೊಡಲಾಗಿದೆ.

ಚಟವೋ, ಕಾಯಿಲೆಯೋ?

ಮೊದಮೊದಲು ಮನುಷ್ಯ ಮದ್ಯವನ್ನು ಕುಡಿಯುತ್ತಾನೆ. ಕೆಲವು ವರ್ಷಗಳ ನಂತರ ಮದ್ಯವೇ ಮನುಷ್ಯನನ್ನು ಕುಡಿಯುತ್ತದೆ. ಈ ಎರಡನೆಯ ಹಂತವನ್ನು ವೈದ್ಯರು ಕಾಯಿಲೆ ಎಂದೇ ಪರಿಗಣಿಸುತ್ತಾರೆ. ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅದು ಸಿಗದಿದ್ದರೆ ಕೈ ನಡುಗುತ್ತದೆ, ಬೆವರು ಬರುತ್ತದೆ, ನಿದ್ರೆ ಬಾರದು. ಇದು ಜೇಕಿನ ಕಳೆ ಇದ್ದಂತೆ. ಮೇಲಿನ ಹುಲ್ಲನ್ನು ಎಷ್ಟು ಸಲ ಕೊಯ್ದರೂ ನೆಲದೊಳಗಿನ ಗಡ್ಡೆ ಉಳಿದಿದ್ದರೆ ಒಂದು ಮಳೆಗೆ ಮತ್ತೆ ಚಿಗುರುತ್ತದೆ.

ಕುಡಿತ ಯಾವ ಹಂತದಲ್ಲಿದೆ ಎಂದು ತಿಳಿಯಲು ವೈದ್ಯರು ಸಾಮಾನ್ಯವಾಗಿ ಕೇಳುವ ನಾಲ್ಕು ವಿಷಯಗಳಿವೆ. ಓದುಗರು ಇವನ್ನು ತಮಗೆ ತಾವೇ ಕೇಳಿಕೊಳ್ಳಬಹುದು.

1. ಕುಡಿತವನ್ನು ಕಡಿಮೆ ಮಾಡಬೇಕೆಂದು ನಿಮಗೇ ಅನ್ನಿಸಿದೆಯೇ?
2. ಮನೆಯವರಾಗಲಿ ನೆರೆಯವರಾಗಲಿ ನಿಮ್ಮ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ?
3. ಕುಡಿದದ್ದಕ್ಕಾಗಿ ಆಮೇಲೆ ಮನಸ್ಸು ನೊಂದುಕೊಂಡದ್ದು ಉಂಟೇ?
4. ಬೆಳಿಗ್ಗೆ ಎದ್ದೊಡನೆ ಕೈ ನಡುಕ ನಿಲ್ಲಿಸಲು, ಮೈ ಹಗುರ ಮಾಡಿಕೊಳ್ಳಲು ಕುಡಿದದ್ದು ಉಂಟೇ?

ಎರಡು ಅಥವಾ ಹೆಚ್ಚು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಅಗತ್ಯ. ನಾಲ್ಕನೆಯದಕ್ಕೆ ‘ಹೌದು’ ಎಂದಾದರೆ ತಡ ಮಾಡಲೇಬಾರದು.

ಲೀಟರು, ಗ್ರಾಂ ಮತ್ತು ಗಂಟೆಯ ಲೆಕ್ಕ

ಗೊಬ್ಬರದಲ್ಲಿ ಸಾರಜನಕ ಎಷ್ಟು ಎಂದು ಲೆಕ್ಕ ಹಾಕುವ ರೈತರು ಮದ್ಯದಲ್ಲಿರುವ ಆಲ್ಕೊಹಾಲನ್ನೂ ಲೆಕ್ಕ ಹಾಕಿ ನೋಡಬೇಕು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೊಹಾಲು ಇರುತ್ತದೆ. 180 ಮಿ.ಲೀ. ಅಂದರೆ ಒಂದು ಕ್ವಾರ್ಟರ್‌ನಲ್ಲಿ ಸುಮಾರು 77 ಮಿ.ಲೀ., ತೂಕದಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲು ಇದೆ. 90 ಮಿ.ಲೀ. ಪ್ಯಾಕೆಟ್‌ನಲ್ಲಿ ಇದರ ಅರ್ಧ. ಶೇ. 5ರ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ.

ನಮ್ಮ ಪಿತ್ತಜನಕಾಂಗ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೊಹಾಲನ್ನು ಮಾತ್ರ ಕರಗಿಸಬಲ್ಲದು. ಮಜ್ಜಿಗೆ, ನಿಂಬೆರಸ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸಲಾರದು. ರಾತ್ರಿ 9 ಗಂಟೆಗೆ ಎರಡು ಕ್ವಾರ್ಟರ್ ಮುಗಿಸಿ ಮಲಗಿದವರ ರಕ್ತದಲ್ಲಿ ಮರುದಿನ ಬೆಳಿಗ್ಗೆ 9 ಗಂಟೆಗೂ ಮದ್ಯದ ಅಂಶ ಉಳಿದಿರುತ್ತದೆ. ಅಂಥವರು ಟ್ರ್ಯಾಕ್ಟರ್ ಏರಿದರೆ, ಕಬ್ಬು ಅರೆಯುವ ಗಾಣಕ್ಕೆ ಕೈಯಿಟ್ಟರೆ, ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದರೆ ಆಗುವ ಅನಾಹುತಕ್ಕೆ ‘ಗ್ರಹಚಾರ’ ಎಂಬ ಹೆಸರು ಕೊಡುವುದು ಸರಿಯಲ್ಲ.

ಹಣದ ಲೆಕ್ಕ ಇನ್ನೂ ಸುಲಭ. ದಿನಕ್ಕೆ 100 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 36,500 ರೂಪಾಯಿ ಆಗುತ್ತದೆ. ನಿಮ್ಮೂರಿನ ಸಹಕಾರ ಸಂಘದ ದರದಲ್ಲಿ ಇದಕ್ಕೆ ಎಷ್ಟು ಚೀಲ ಗೊಬ್ಬರ ಬರುತ್ತದೆ, ಎಷ್ಟು ಸಾಲದ ಕಂತು ತೀರುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ. ಹದಿನೈದು ವರ್ಷ ಕುಡಿದವರು ಐದು ಲಕ್ಷಕ್ಕೂ ಮೀರಿದ ಹಣವನ್ನು ಹೀಗೆ ಕಳೆದಿರುತ್ತಾರೆ. ತಪ್ಪಿಹೋದ ಬಿತ್ತನೆಯ ಹದ, ನಿಂತುಹೋದ ಮಕ್ಕಳ ಓದು, ಆಸ್ಪತ್ರೆಯ ಖರ್ಚು ಇದರಲ್ಲಿ ಸೇರಿಲ್ಲ.

ಮೊದಲು ವೈದ್ಯರು, ನಂತರ ಬಳಗ

ಬಹಳ ಜನ ತಪ್ಪು ತಿಳಿದಿರುವ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹಲವು ವರ್ಷಗಳಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿರುವವರು ಇದ್ದಕ್ಕಿದ್ದಂತೆ ಮನೆಯಲ್ಲೇ ನಿಲ್ಲಿಸುವುದು ಅಪಾಯಕರ. ಕೊನೆಯ ಕುಡಿತದ 6ರಿಂದ 12 ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆ, ಅಂದರೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರು ದಿಕ್ಕು ತಪ್ಪಿದಂತೆ ಮಾತನಾಡುತ್ತಾರೆ, ಇಲ್ಲದ ಹಾವು ಹುಳುಗಳು ಕಾಣುತ್ತವೆ, ಜ್ವರ ಏರುತ್ತದೆ. ಇದನ್ನು ದೆವ್ವದ ಕಾಟವೆಂದು ತಿಳಿದು ಮಂತ್ರವಾದಿಗಳ ಬಳಿ ಕರೆದೊಯ್ದು ಹೊತ್ತು ಕಳೆಯಬಾರದು. ಇದು ಪ್ರಾಣಕ್ಕೇ ಮುಳುವಾಗಬಲ್ಲ ಸ್ಥಿತಿ. ಆಸ್ಪತ್ರೆಯಲ್ಲಿ ಸೂಕ್ತ ಔಷಧಿ ಕೊಟ್ಟರೆ ಈ ಹಂತವನ್ನು ಸುರಕ್ಷಿತವಾಗಿ ದಾಟಬಹುದು.

ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು, ಬೆಳಿಗ್ಗೆ ಕುಡಿಯದೆ ಏಳಲಾಗದವರು, ಕಾಮಾಲೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದವರು ವೈದ್ಯರನ್ನು ಕಂಡ ನಂತರವೇ ಬಿಡಬೇಕು. ಆಸ್ಪತ್ರೆಯಲ್ಲಿ ಕುಡಿತದ ವಿಷಯ ಮುಚ್ಚಿಡಬಾರದು. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಬಿ-1 ಜೀವಸತ್ವ ತೀರ ಕಡಿಮೆಯಾಗಿರುತ್ತದೆ. ಅಂಥವರಿಗೆ ಅದನ್ನು ಕೊಡದೆ ಬರಿಯ ಗ್ಲೂಕೋಸ್ ಬಾಟಲಿ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳುವ ಸಂಭವವಿದೆ. ವಿಷಯ ತಿಳಿದರೆ ತಾನೇ ವೈದ್ಯರು ಬಿ-1 ಚುಚ್ಚುಮದ್ದು ಕೊಡುವುದು!

‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸುವ ಪುಡಿ’ ಎಂಬ ಜಾಹೀರಾತುಗಳನ್ನು ನಂಬಿ ಕಾಫಿಯಲ್ಲೋ ಸಾರಿನಲ್ಲೋ ಬೆರೆಸಿ ಕೊಡುವುದು ಸಲ್ಲದು. ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿರುವಾಗ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ರಕ್ತದೊತ್ತಡ ಕುಸಿಯುತ್ತದೆ. ಇದನ್ನು ವೈದ್ಯರು ರೋಗಿಗೆ ವಿವರಿಸಿ, ಅವರ ಒಪ್ಪಿಗೆ ಪಡೆದು ಮಾತ್ರ ಕೊಡುತ್ತಾರೆ. ಗುಟ್ಟಾಗಿ ಕೊಟ್ಟರೆ ಸಾವೂ ಸಂಭವಿಸಬಹುದು.

ರೈತರು ತಿಳಿಯಬೇಕಾದ ಇನ್ನೊಂದು ವಿಷಯವೂ ಇದರಲ್ಲಿದೆ. ಬೀಜೋಪಚಾರಕ್ಕೆ ಬಳಸುವ ಥೈರಾಮ್ ಪುಡಿ ಈ ಡೈಸಲ್ಫಿರಾಮ್‌ಗೆ ತೀರ ಹತ್ತಿರದ ರಾಸಾಯನಿಕ. ಥೈರಾಮ್ ಅಥವಾ ಅದು ಬೆರೆತ ಔಷಧಿಯಿಂದ ಬೀಜ ಉಪಚರಿಸಿ, ಅದರ ಧೂಳು ಕುಡಿದು, ಸಂಜೆ ಮದ್ಯ ಸೇವಿಸಿದರೆ ಇದೇ ಬಗೆಯ ತೊಂದರೆ ಕಾಣಿಸಿಕೊಳ್ಳಬಹುದು. ಬೀಜೋಪಚಾರದ ಕೆಲಸದಲ್ಲಿ ಕೈಗವಸು ಮತ್ತು ಮುಖವಸ್ತ್ರ ಬಳಸಬೇಕು. ಆ ದಿನಗಳಲ್ಲಿ ಮದ್ಯ ಮುಟ್ಟಲೇಬಾರದು.

ಬಳಗ ಹುಟ್ಟಿದ ಬಗೆ

ಇಂಥ ಬಳಗಗಳಲ್ಲಿ ಅತ್ಯಂತ ಹೆಸರಾದುದು ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಇದನ್ನು ಎ.ಎ. ಎಂದು ಕರೆಯುವುದು ರೂಢಿ. ಇದು ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ದಲ್ಲಾಳಿ ಬಿಲ್ ವಿಲ್ಸನ್ ವ್ಯವಹಾರದ ಮೇಲೆ ಅಲ್ಲಿಗೆ ಬಂದಿದ್ದರು. ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು, ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು, ಕೈ ಬರಿದಾಯಿತು. ಇಳಿದುಕೊಂಡಿದ್ದ ಹೋಟೆಲಿನ ಮದ್ಯದಂಗಡಿ ಕಣ್ಣೆದುರಿಗೇ ಇತ್ತು. ಅವರು ಅತ್ತ ಹೋಗದೆ ದೂರವಾಣಿಯ ಬಳಿ ಹೋಗಿ, ತಮ್ಮಂತೆಯೇ ಕುಡಿತದಲ್ಲಿ ಸಿಲುಕಿದ ಯಾರಾದರೂ ಈ ಊರಿನಲ್ಲಿದ್ದಾರೆಯೇ ಎಂದು ವಿಚಾರಿಸಿದರು. ಹೀಗೆ ಪರಿಚಯವಾದವರು ಅಲ್ಲಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತನಾಡುವುದಾಗಿ ಒಪ್ಪಿ ಬಂದ ಡಾ. ಬಾಬ್ ಗಂಟೆಗಟ್ಟಲೆ ಕುಳಿತರು. ಅವರು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಎ.ಎ. ಬಳಗದ ಹುಟ್ಟುದಿನವೆಂದು ಎಣಿಸಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಇದು: ವಿಲ್ಸನ್ ಆ ದಿನ ಉಪದೇಶ ಮಾಡಲು ಹೋಗಿರಲಿಲ್ಲ, ತಾವು ಉಳಿಯಲು ಹೋಗಿದ್ದರು. ಇನ್ನೊಬ್ಬರಿಗೆ ಕೈಕೊಟ್ಟವರೇ ತಾವೂ ಮೇಲೆ ಬರುತ್ತಾರೆ ಎಂಬ ಈ ತತ್ತ್ವ ನಮ್ಮ ಮುಯ್ಯಾಳಿನ ತತ್ತ್ವವೇ. ಭಾರತದಲ್ಲಿ ಎ.ಎ. ಸಭೆಗಳು 1957ರಲ್ಲಿ ಆರಂಭವಾದವು. ಬಳಗಕ್ಕೆ ಸೇರಿದವರಿಗೆ ಆಗುವ ಪ್ರಯೋಜನದ ಬಗ್ಗೆ 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯೊಂದು 27 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಪೂರ್ತಿಯಾಗಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಈ ಮಾರ್ಗ ಇತರ ಚಿಕಿತ್ಸಾ ಕ್ರಮಗಳಿಗೆ ಸಮನಾಗಿದೆ, ಕೆಲವು ವೇಳೆ ಮೇಲಾಗಿದೆ ಎಂದು ಅದರಿಂದ ಕಂಡುಬಂದಿದೆ.

ಕರ್ನಾಟಕದ ಹಳ್ಳಿಗಳಿಗೆ ಹೆಚ್ಚು ಪರಿಚಿತವಾದುದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರ. ಊರಿನ ಸಮುದಾಯ ಭವನ ಅಥವಾ ಕಲ್ಯಾಣ ಮಂಟಪದಲ್ಲಿ ಸಾಮಾನ್ಯವಾಗಿ ಎಂಟು ದಿನ ಶಿಬಿರ ನಡೆಯುತ್ತದೆ. ಶಿಬಿರ ಮುಗಿಸಿದವರನ್ನು ಕೈಬಿಡದೆ ‘ನವಜೀವನ ಸಮಿತಿ’ ಎಂಬ ಹೆಸರಿನಲ್ಲಿ ಒಟ್ಟುಗೂಡಿಸುತ್ತಾರೆ. ಬಿಟ್ಟು ನೂರು ದಿನವಾದಾಗ ಶತದಿನೋತ್ಸವ ಆಚರಿಸುವ ರೂಢಿಯೂ ಇದೆ. ಶಿಬಿರ ಬಿತ್ತನೆಯಾದರೆ ಸಮಿತಿ ನೀರಾವರಿ ಎನ್ನಬಹುದು. ಬಿತ್ತಿ ನೀರು ಕಟ್ಟದಿದ್ದರೆ ಫಸಲು ಕೈಗೆ ಬಾರದು.

ಹುಡುಕುವುದು ಹೇಗೆ?

ಬಳಗವನ್ನು ಹುಡುಕಲು ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ದೂರವಾಣಿಯಿಂದ ಆರಂಭಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ನಿಮ್ಮ ಜಿಲ್ಲೆ, ತಾಲ್ಲೂಕು ತಿಳಿಸಿ ಹತ್ತಿರದ ಆಸ್ಪತ್ರೆ ಹಾಗೂ ಬಳಗದ ವಿವರ ಕೇಳಿ. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ. ಹೆಂಡತಿ, ಮಗ, ಸೊಸೆ ಯಾರು ಬೇಕಾದರೂ ಕೇಳಬಹುದು.

2. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಜಿಲ್ಲಾ ಆಸ್ಪತ್ರೆಯಲ್ಲಿರುತ್ತದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಭೇಟಿ ಕೊಡುವ ದಿನವನ್ನು, ಬಹುಮಟ್ಟಿಗೆ ಮಂಗಳವಾರ, ಮೊದಲೇ ಕೇಳಿಕೊಂಡು ಹೋಗಿ.

3. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮತ್ತು ಧಾರವಾಡದ ಡಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆ ದೊರೆಯುತ್ತದೆ. ಚಿಕಿತ್ಸೆ ಮುಗಿಸಿ ಊರಿಗೆ ಹೊರಡುವಾಗ ‘ನಮ್ಮ ಕಡೆ ಬಳಗ ಎಲ್ಲಿದೆ?’ ಎಂದು ತಪ್ಪದೆ ಕೇಳಿ ಬರೆದುಕೊಳ್ಳಿ.

4. ಎ.ಎ. ಸಭೆಗಳು ಹೆಚ್ಚಾಗಿ ನಗರ, ಪಟ್ಟಣಗಳಲ್ಲಿ ನಡೆಯುತ್ತವೆ. ಶಾಲೆಯ ಕೊಠಡಿ, ಚರ್ಚಿನ ಸಭಾಂಗಣ, ಆಸ್ಪತ್ರೆಯ ಕೋಣೆ ಹೀಗೆ ಸಿಕ್ಕ ಜಾಗದಲ್ಲಿ ಸೇರುತ್ತಾರೆ. ಬೋರ್ಡು ಹಾಕಿರುವುದು ಕಡಿಮೆ. ಕನ್ನಡದಲ್ಲಿ ನಡೆಯುವ ಸಭೆ ಯಾವುದು, ವಾರ ಯಾವುದು, ವೇಳೆ ಏನು ಎಂಬುದನ್ನು ಫೋನಿನಲ್ಲಿ ಖಚಿತಪಡಿಸಿಕೊಂಡು ಬಸ್ಸು ಹತ್ತುವುದು ಒಳ್ಳೆಯದು. ದೂರ ಹೋಗಲಾಗದವರು ಮೊಬೈಲಿನಲ್ಲಿಯೇ ಸೇರಬಹುದಾದ ಸಭೆಗಳೂ ಉಂಟು.

5. ಧರ್ಮಸ್ಥಳ ಯೋಜನೆಯ ತಾಲ್ಲೂಕು ಕಚೇರಿ ಅಥವಾ ಊರಿನ ಸ್ವಸಹಾಯ ಸಂಘದ ಮೂಲಕ ಮುಂದಿನ ಶಿಬಿರ ಎಲ್ಲಿ, ಎಂದು ಎಂಬುದನ್ನು ತಿಳಿಯಬಹುದು.

6. ಎಲ್ಲಕ್ಕಿಂತ ಸುಲಭದ ದಾರಿ, ನಿಮ್ಮ ಸುತ್ತಮುತ್ತ ಕುಡಿತ ಬಿಟ್ಟವರೊಬ್ಬರನ್ನು ಹುಡುಕುವುದು. ಒಳ್ಳೆಯ ಬೀಜ ಯಾರ ಮನೆಯಲ್ಲಿದೆ ಎಂದು ಕೇಳಿಕೊಂಡು ಹೋಗುವುದಿಲ್ಲವೇ? ಹಾಗೆಯೇ ಇದೂ.

ಹಣ ಕಟ್ಟಿ ಸೇರಿಸುವ ಖಾಸಗಿ ‘ಕುಡಿತ ಬಿಡಿಸುವ ಕೇಂದ್ರ’ಗಳ ವಿಷಯದಲ್ಲಿ ಎಚ್ಚರ ಅಗತ್ಯ. ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ, 2017ರ ಪ್ರಕಾರ ಮಾನಸಿಕ ಆರೋಗ್ಯ ಸಂಸ್ಥೆಗಳು ನೋಂದಣಿಯಾಗಿರಬೇಕು. ಸರಪಳಿ ಹಾಕುವುದನ್ನು ಈ ಕಾಯಿದೆ ನಿಷೇಧಿಸಿದೆ. ನೋಂದಣಿ ಪತ್ರ ತೋರಿಸದ, ವೈದ್ಯರಿಲ್ಲದ, ಮನೆಯವರನ್ನು ಒಳಗೆ ಬಿಡದ ಕಡೆ ಯಾರನ್ನೂ ಸೇರಿಸಬೇಡಿ.

ಮೊದಲ ಸಭೆಯಲ್ಲಿ ಏನು ನಡೆಯುತ್ತದೆ?

ಹೊಸಬರಿಗೆ ಹೆಚ್ಚಿನ ಅಳುಕು ಇರುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಎ.ಎ. ಸಭೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ನಡೆಯುತ್ತದೆ. ಕುರ್ಚಿಗಳನ್ನೋ ಜಮಖಾನೆಯನ್ನೋ ಹಾಕಿರುತ್ತಾರೆ. ಚಹಾ ಇರಬಹುದು. ಅರ್ಜಿ, ಆಧಾರ್, ಸಹಿ ಯಾವುದೂ ಬೇಕಿಲ್ಲ. ಪ್ರವೇಶ ಶುಲ್ಕವಿಲ್ಲ. ಖರ್ಚಿಗಾಗಿ ಸದಸ್ಯರು ತಮಗೆ ತೋಚಿದಷ್ಟು ಹಾಕುತ್ತಾರೆ. ಹೊಸಬರು ಹಾಕಲೇಬೇಕೆಂಬ ಕಟ್ಟುಪಾಡಿಲ್ಲ. ಹೊರಗಿನವರ ದಾನವನ್ನು ಬಳಗ ಸ್ವೀಕರಿಸುವುದಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ: ಕುಡಿತ ಬಿಡಬೇಕೆಂಬ ಆಸೆ.

ಹಳಬರೊಬ್ಬರು ಸಭೆ ನಡೆಸುತ್ತಾರೆ. ಒಬ್ಬೊಬ್ಬರಾಗಿ ಹೆಸರು ಹೇಳಿ, ತಾವು ಮದ್ಯವ್ಯಸನಿಯೆಂದು ಒಪ್ಪಿಕೊಂಡು ತಮ್ಮ ಕಥೆ ಹೇಳುತ್ತಾರೆ. ಹಿಂದೆ ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂಬುದೇ ಆ ಕಥೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರು ಸುಮ್ಮನೆ ಕೇಳಿಸಿಕೊಂಡು ಬರಬಹುದು. ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು. ಹೆಂಡತಿಯ ತಾಳಿ ಅಡವಿಟ್ಟವರು, ಮಗಳ ಮದುವೆಯ ದಿನವೇ ಬಿದ್ದುಕೊಂಡಿದ್ದವರು ಇಂದು ನೆಟ್ಟಗೆ ಕುಳಿತು ಆ ಮಾತನ್ನು ಹೇಳುವುದನ್ನು ಕೇಳಿದಾಗ, ‘ಇದು ನನ್ನೊಬ್ಬನ ಪಾಡಲ್ಲ’ ಎಂಬ ಅರಿವು ಹೊಸಬರಿಗೆ ಮೂಡುತ್ತದೆ. ಬಳಗದ ಮೊದಲ ಔಷಧಿ ಇದೇ.

ಜೀವಮಾನವಿಡೀ ಬಿಡುತ್ತೇನೆ ಎಂಬ ಆಣೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಈ ದಿನದ ಮಟ್ಟಿಗೆ, ಈ ಇಪ್ಪತ್ತನಾಲ್ಕು ಗಂಟೆ ಕುಡಿಯದಿರುವುದು ಗುರಿ. ನಾಳೆ ಬಂದಾಗ ನಾಳೆಯ ಮಾತು. ಹತ್ತು ಎಕರೆ ಕಳೆಯನ್ನು ನೋಡಿ ಎದೆ ಒಡೆದುಕೊಳ್ಳದೆ ಇಂದಿನ ಸಾಲನ್ನು ಇಂದು ತೆಗೆಯುವ ರೈತರಿಗೆ ಇದು ಹೊಸ ಪಾಠವೇನಲ್ಲ.

ಕೆಲವು ಸಭೆಗಳಾದ ಮೇಲೆ ಹೊಸಬರು ಹಳಬರೊಬ್ಬರನ್ನು ಮಾರ್ಗದರ್ಶಕರಾಗಿ ಆರಿಸಿಕೊಳ್ಳಬಹುದು. ಅವರನ್ನು ಅಲ್ಲಿ ‘ಸ್ಪಾನ್ಸರ್’ ಎನ್ನುತ್ತಾರೆ. ಕುಡಿಯಬೇಕೆಂಬ ಬಯಕೆ ಉಕ್ಕಿದಾಗ ಅಂಗಡಿಗೆ ಹೋಗುವ ಮೊದಲು ಅವರಿಗೆ ಫೋನ್ ಮಾಡಬೇಕು. ಆ ಬಯಕೆ ಅಲೆಯಂತೆ ಏರಿ ಇಳಿಯುತ್ತದೆ. ಇಳಿಯುವ ತನಕ ಮಾತಿನ ಜೊತೆ ಸಿಕ್ಕರೆ ಸಾಕು. ಬಳಗದ ಹನ್ನೆರಡು ಹೆಜ್ಜೆಗಳಲ್ಲಿ ತನ್ನ ಸೋಲನ್ನು ಒಪ್ಪುವುದು, ತಾನು ನೋಯಿಸಿದವರ ಪಟ್ಟಿ ಮಾಡಿ ಸರಿಪಡಿಸುವುದು, ಮತ್ತೊಬ್ಬ ವ್ಯಸನಿಗೆ ನೆರವಾಗುವುದು ಮುಖ್ಯವಾದವು.

ರೈತರು ಕೇಳುವ ಪ್ರಶ್ನೆಗಳು

ಊರಿನವರಿಗೆ ಗೊತ್ತಾದರೆ ಮಾನ ಹೋಗುವುದಿಲ್ಲವೇ?
ಕುಡಿದು ಬಿದ್ದದ್ದು ಊರಿಗೆ ಮೊದಲೇ ಗೊತ್ತಿರುತ್ತದೆ. ಬಿಡಲು ಹೊರಟದ್ದು ಗೊತ್ತಾದರೆ ಕಳೆದುಕೊಳ್ಳುವುದೇನಿದೆ? ಆದರೂ ಎ.ಎ. ಸಭೆಯಲ್ಲಿ ಯಾರನ್ನು ಕಂಡೆವು, ಏನು ಕೇಳಿದೆವು ಎಂಬುದನ್ನು ಹೊರಗೆ ಆಡಬಾರದೆಂಬ ನಿಯಮವಿದೆ. ಅಳುಕಿದ್ದವರು ಪಕ್ಕದ ತಾಲ್ಲೂಕಿನ ಸಭೆಗೆ ಹೋಗಬಹುದು.

ಜಾತಿ, ಮತದ ಭೇದ ಇದೆಯೇ?
ಇಲ್ಲ. ಎ.ಎ.ಯಲ್ಲಿ ದೇವರ ಮಾತು ಬರುತ್ತದೆ. ಆದರೆ ಅದನ್ನು ಅವರವರು ತಿಳಿದಂತೆ ಇಟ್ಟುಕೊಳ್ಳಲು ಬಿಟ್ಟಿದ್ದಾರೆ. ನಂಬಿಕೆ ಇಲ್ಲದವರು ಬಳಗವನ್ನೇ ತಮಗಿಂತ ದೊಡ್ಡ ಶಕ್ತಿಯೆಂದು ತಿಳಿದು ಮುಂದುವರಿಯುವುದುಂಟು.

ಹೆಂಗಸರು ಹೋಗಬಹುದೇ?
ಖಂಡಿತ ಹೋಗಬಹುದು. ಕೂಲಿ ಕೆಲಸದ ಮೈನೋವಿಗೆಂದು ಕುಡಿಯಲು ತೊಡಗಿ ಬಿಡಲಾಗದೆ ಒದ್ದಾಡುವ ಹೆಂಗಸರೂ ಇದ್ದಾರೆ. ಮೊದಲ ದಿನ ನಂಬಿಕೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಹೊರಗಿನವರೂ ಕೂರಬಹುದಾದ ‘ತೆರೆದ ಸಭೆ’ ಯಾವುದೆಂದು ಮೊದಲೇ ಕೇಳಿ.

ನಾಟಿ, ಸುಗ್ಗಿಯ ಕಾಲದಲ್ಲಿ ಹೋಗುವುದು ಹೇಗೆ?
ಮೊದಲ ಮೂರು ತಿಂಗಳು ಸಭೆಗಳನ್ನು ತಪ್ಪಿಸಬಾರದು. ಆದ್ದರಿಂದ ಕೆಲಸ ಕಡಿಮೆ ಇರುವ ಕಾಲದಲ್ಲಿ ಆರಂಭಿಸಿದರೆ ಅನುಕೂಲ. ಹಾಗೆಂದು ‘ಸುಗ್ಗಿ ಕಳೆಯಲಿ’ ಎಂದು ಮುಂದೂಡುವುದು ಬೇಡ. ಸಂತೆಯ ದಿನ ಪಟ್ಟಣಕ್ಕೆ ಹೋಗುವವರು ಅದೇ ದಿನದ ಸಂಜೆ ಸಭೆಯನ್ನು ಆರಿಸಿಕೊಂಡರೆ ಬಸ್ಸಿನ ಖರ್ಚೂ ಉಳಿಯುತ್ತದೆ, ಸಂತೆಯ ದುಡ್ಡೂ ಉಳಿಯುತ್ತದೆ.

ಬಿಟ್ಟು ಮತ್ತೆ ಕುಡಿದರೆ?
ನಾಚಿಕೆಯಿಂದ ಮನೆಯಲ್ಲಿ ಕೂರದೆ ಮುಂದಿನ ಸಭೆಗೇ ಹೋಗಬೇಕು. ಬಳಗದಲ್ಲಿರುವ ಎಷ್ಟೋ ಮಂದಿ ಎಡವಿ ಎದ್ದವರೇ. ಒಂದು ಬೆಳೆ ಕೈಕೊಟ್ಟಿತೆಂದು ಯಾರೂ ಬೇಸಾಯ ಬಿಡುವುದಿಲ್ಲ. ಏಕೆ ಕೈಕೊಟ್ಟಿತೆಂದು ನೋಡುತ್ತಾರೆ. ಜಾತ್ರೆ, ಮದುವೆ, ಹಬ್ಬದ ಬಾಡೂಟ, ಕಬ್ಬಿನ ಬಿಲ್ಲು ಅಥವಾ ಅಡಿಕೆಯ ಹಣ ಕೈಗೆ ಬಂದ ದಿನ, ಮಳೆ ಕೈಕೊಟ್ಟ ದಿನ, ಮನೆಯ ಜಗಳ ಇವು ಎಡವುವ ತಾಣಗಳು. ಇವನ್ನು ಮೊದಲೇ ಗುರುತಿಸಿ, ಆ ದಿನ ಯಾರ ಜೊತೆ ಇರಬೇಕು, ಹಣ ಯಾರ ಕೈಯಲ್ಲಿರಬೇಕು ಎಂದು ಗೊತ್ತುಮಾಡಿಕೊಳ್ಳಬೇಕು.

ಮನೆಯವರು ಮಾಡಬೇಕಾದದ್ದು

ಕುಡಿದು ಬಂದಾಗ ಜಗಳ ತೆಗೆಯುವುದರಿಂದ ಪ್ರಯೋಜನವಿಲ್ಲ. ಆಗ ಮಾತು ತಲೆಗೆ ಹೋಗದು. ಬೆಳಿಗ್ಗೆ, ಅಮಲು ಇಳಿದ ಹೊತ್ತಿನಲ್ಲಿ, ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು. ‘ನೀವು ಕುಡುಕರು, ಮನೆ ಹಾಳು ಮಾಡಿದಿರಿ’ ಎನ್ನುವ ಬದಲು, ‘ನಿನ್ನೆ ಬೆಳಿಗ್ಗೆ ನಿಮ್ಮ ಕೈ ನಡುಗಿ ಕಾಫಿ ಲೋಟ ಜಾರಿತು ರೀ. ನನಗೆ ಭಯವಾಗುತ್ತಿದೆ. ಮಂಗಳವಾರ ಆಸ್ಪತ್ರೆಗೆ ಇಬ್ಬರೂ ಹೋಗಿ ಬರೋಣ’ ಎಂದರೆ ಮಾತು ನಾಟುತ್ತದೆ. ಊರಿನ ಗೆಳೆಯರು, ‘ಅಣ್ಣ, ಗುರುವಾರ ಸಭೆಗೆ ನಾನೂ ಬರ್ತೀನಿ, ನನ್ನ ಗಾಡೀಲೇ ಹೋಗೋಣ’ ಎಂದರೆ ನೂರು ಉಪದೇಶಕ್ಕೆ ಸಮ.

ಕುಡಿತದ ಸಾಲವನ್ನು ಮನೆಯವರು ತೀರಿಸುತ್ತಾ ಹೋಗುವುದು, ತಪ್ಪನ್ನು ಮುಚ್ಚಲು ಸುಳ್ಳು ಹೇಳುವುದು, ‘ಹೊರಗೆ ಬೇಡ, ಮನೆಯಲ್ಲೇ ಕುಡಿಯಲಿ’ ಎಂದು ತಂದುಕೊಡುವುದು ರೋಗವನ್ನು ಬೆಳೆಸುತ್ತವೆ. ಹೊಡೆತ ಬಡಿತವಿರುವ ಮನೆಯಲ್ಲಿ ಹೆಂಡತಿ ಮಕ್ಕಳ ರಕ್ಷಣೆಯೇ ಮೊದಲು. ಮಹಿಳಾ ಸಹಾಯವಾಣಿ 181ಕ್ಕೆ ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. ‘ಸಾಯುತ್ತೇನೆ’ ಎಂಬ ಮಾತನ್ನು ಅಮಲಿನ ಮಾತೆಂದು ತಳ್ಳಿಹಾಕಬಾರದು. ಅಂಥ ಮನೆಯಲ್ಲಿ ಕೀಟನಾಶಕಗಳನ್ನು ಬೀಗ ಹಾಕಿಡಬೇಕು, ಒಬ್ಬರು ಜೊತೆಯಲ್ಲಿರಬೇಕು, 14416ಕ್ಕೆ ಕೂಡಲೇ ಕರೆ ಮಾಡಬೇಕು.

ವ್ಯಸನಿಗಳ ಮನೆಯವರಿಗಾಗಿಯೇ 1951ರಲ್ಲಿ ‘ಅಲ್-ಅನಾನ್’ ಎಂಬ ಪ್ರತ್ಯೇಕ ಬಳಗ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಬಿಲ್ ವಿಲ್ಸನ್‌ರ ಪತ್ನಿ ಲೋಯಿಸ್ ಒಬ್ಬರು. ಗಂಡ ಬಿಡಲಿ ಬಿಡದಿರಲಿ, ಹೆಂಡತಿ ತನ್ನ ನೆಮ್ಮದಿಗಾಗಿ ಇದಕ್ಕೆ ಸೇರಬಹುದು.

ಊರಿನಲ್ಲಿಯೇ ಬಳಗ ಕಟ್ಟಬಹುದೇ?

ಕಟ್ಟಬಹುದು. ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ, ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಶಾಂತಿ ರಂಗನಾಥನ್ ಅವರು ಊರವರ ನೆರವಿನಿಂದ ಚಿಕಿತ್ಸಾ ಶಿಬಿರ ನಡೆಸಿದರು. ಆ ಅನುಭವ 1994ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಿಂದ ದೂರವಿರುವ ಹಳ್ಳಿಯೂ ತನ್ನವರನ್ನು ತಾನೇ ಎತ್ತಿ ನಿಲ್ಲಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಅಂಗಡಿ ಮುಚ್ಚಿಸುವುದೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಆದರೆ ಕುಡಿಯುವವರಲ್ಲಿ ಅನೇಕರು ಅಗ್ಗದ ವಿಸ್ಕಿಗೆ ತಿರುಗಿದರು. ಕಳ್ಳಭಟ್ಟಿಯ ಅಪಾಯವೂ ಇದ್ದೇ ಇದೆ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಸುಮಾರು 300 ಜನ ಸತ್ತದ್ದನ್ನು ಹಿರಿಯರು ಮರೆತಿಲ್ಲ. ಅಂಗಡಿ ಇರಲಿ, ಇಲ್ಲದಿರಲಿ, ಸಂಜೆ ಆರು ಗಂಟೆಗೆ ಹೋಗಿ ಕೂರಲು ಬೇರೊಂದು ಜಾಗ ಬೇಕು.

ಬಿಟ್ಟವರು ಇಬ್ಬರಿದ್ದರೂ ಬಳಗ ಆರಂಭಿಸಬಹುದು. ಆಕ್ರನ್‌ನಲ್ಲಿ ಇದ್ದವರೂ ಇಬ್ಬರೇ. ವಾರದ ಒಂದು ದಿನ, ಒಂದು ವೇಳೆ, ಒಂದು ಜಾಗ ಗೊತ್ತುಮಾಡಿ. ಮಳೆ ಬಂದರೂ ಬದಲಿಸಬೇಡಿ. ಶಾಲೆಯ ಜಗಲಿ, ಹಾಲಿನ ಡೇರಿಯ ಕೋಣೆ, ಪಂಚಾಯಿತಿ ಕಟ್ಟಡ ಯಾವುದಾದರೂ ಆದೀತು. ರಾಜಕೀಯ, ಚುನಾವಣೆ, ಚೀಟಿ ವ್ಯವಹಾರ, ಸಾಲದ ಮಾತು ಅಲ್ಲಿ ಬೇಡ. ಕುಡಿದು ಬಂದವರನ್ನು ಬೈದು ಓಡಿಸದೆ ಸುಮ್ಮನೆ ಕೂರಿಸಿ, ಅಮಲು ಇಳಿದ ಮೇಲೆ ಮತ್ತೆ ಬರಲು ಹೇಳಿ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಸಂಪರ್ಕ ಇಟ್ಟುಕೊಳ್ಳಿ. ಹತ್ತಿರದ ಪಟ್ಟಣದ ಬಳಗದ ಹಳಬರನ್ನು ತಿಂಗಳಿಗೊಮ್ಮೆ ಕರೆಸಿ.

ನೆನಪಿನಲ್ಲಿಡಬೇಕಾದ ಅಂಶಗಳು

* ದಿನವೂ ಹೆಚ್ಚು ಕುಡಿಯುವವರು ಇದ್ದಕ್ಕಿದ್ದಂತೆ ಬಿಡಬಾರದು. ಮೊದಲು ವೈದ್ಯರು, ನಂತರ ಬಳಗ.
* ಫಿಟ್ಸ್, ಭ್ರಮೆ, ಜ್ವರ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ.
* ಸಲಹೆಗೆ 14416 ಅಥವಾ 14446, ಕರೆ ಉಚಿತ.
* ಮೊದಲ ಸಭೆ ಹಿಡಿಸಲಿಲ್ಲವೆಂದು ಬಿಡಬೇಡಿ. ಐದಾರು ಸಭೆ ನೋಡಿ. ಬೇಕಾದರೆ ಬೇರೆ ಬಳಗ ನೋಡಿ.
* ಗುಟ್ಟಾಗಿ ಔಷಧಿ ಕೊಡಬೇಡಿ. ನೋಂದಣಿಯಿಲ್ಲದ ಕೇಂದ್ರಕ್ಕೆ ಸೇರಿಸಬೇಡಿ.
* ಬಿಟ್ಟು ವರ್ಷವಾದರೂ ಸಭೆಗೆ ಹೋಗುತ್ತಿರಿ. ನಿಮ್ಮ ಗದ್ದೆಯ ಕೆಲಸ ಮುಗಿದಿರಬಹುದು. ನೆರೆಯವರ ಗದ್ದೆ ಇನ್ನೂ ಕಾಯುತ್ತಿದೆ.